ಸಂಚಕಾರಕ್ಕೆ ಮೊದಲು ಬ್ಯಾಂಕಿನ ಬಾಗಿಲು ಬಡಿಯಿರಿ!

ಪ್ಲಾಟು-ಮನೆ ಕೊಡಿಸುವ ದಲ್ಲಾಳಿಗಳೇ, ಸಾಲ ಸಿಗುವ ಜಾಗ ಯಾವುದು, ಸಿಗದ ಜಾಗ ಯಾವುದು ಎಂದು ಮೊದಲೇ ನೋಡಿದರೆ ಯಾರ ಗಂಟು ಹೋಗುತ್ತದೆ?

ಜಮಖಂಡಿ: ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಲಕ್ಷಗಟ್ಟಲೆ ವ್ಯವಹಾರ ಮುಗಿಸುವುದು ಈ ಭಾಗದ ಹಳೆಯ ರೂಢಿ. ಮಾತು ಕೂಡಿತೆಂದರೆ ತೀರಿತು. ನಾಲ್ಕು ಮಂದಿ ಹಿರಿಯರ ಎದುರು ಎಲೆ-ಅಡಿಕೆ, ಕೈಗೆ ಸಂಚಕಾರ, ಛಾಪಾ ಕಾಗದದ ಮೇಲೆ ಎರಡು ಸಹಿ, ಮೂರು ತಿಂಗಳ ವಾಯಿದೆ. ದಲ್ಲಾಳಿ ಎದ್ದು ನಿಂತು, "ಆತಲ್ರಿ, ಇನ್ನ ಪೇಢೆ ತರಸ್ರಿ" ಎನ್ನುತ್ತಾನೆ. ಉಳಿದ ಹಣ ಎಲ್ಲಿಂದ? "ಬ್ಯಾಂಕಿನ್ಯಾಗ ಸಾಲ ಎತ್ತಿ ಕೊಡ್ತಾರ, ಚಿಂತಿ ಬ್ಯಾಡ್ರಿ" ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ.

ಆದರೆ ಬ್ಯಾಂಕನ್ನು ಯಾರಾದರೂ ಕೇಳಿದ್ದಾರೆಯೇ? ಇಲ್ಲ. ಕೇಳುವುದು ಸಂಚಕಾರ ಕೊಟ್ಟ ಮೇಲೆ! ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದ ಹಾಗಾಯಿತು ಇದು.

ಲೆಕ್ಕಕ್ಕೆ ಬನಹಟ್ಟಿಯ ಒಬ್ಬ ಮಗ್ಗದವನನ್ನು ತೆಗೆದುಕೊಳ್ಳೋಣ. ನಾಲ್ಕು ಪಾವರ್‌ಲೂಮು, ಬಾಡಿಗೆ ಮನೆ, ಇಬ್ಬರು ಮಕ್ಕಳು. ಸೊಸೈಟಿಯಲ್ಲಿ ವರ್ಷಗಟ್ಟಲೆ ಪಿಗ್ಮಿ ಕಟ್ಟಿ ಕೂಡಿಟ್ಟ ಐದು ಲಕ್ಷ ರೂಪಾಯಿ. ಊರ ಹೊರಗೆ ಎರಡು ಕೋಣೆಯ ಹೊಸ ಮನೆ, ರೇಟು 28 ಲಕ್ಷ. ದಲ್ಲಾಳಿಯ ಮಾತಿಗೆ ಮೂರು ಲಕ್ಷ ಸಂಚಕಾರ ಕೊಟ್ಟ. ಮಾರನೆಯ ವಾರ ಕಾಗದ ಹಿಡಿದು ಬ್ಯಾಂಕಿಗೆ ಹೋದ.

"ಎನ್.ಎ. ಆರ್ಡರ್ ಎಲ್ಲೈತ್ರಿ ಯಜಮಾನ್ರ?"

"ಅದೇನ್ರಿ ಸಾಹೇಬ್ರ? ಉತಾರ ಐತಲ್ರಿ."

"ಉತಾರ ಹೊಲದ್ದ ಐತ್ರಿ. ಹೊಲದ ಮ್ಯಾಲ ಮನಿ ಸಾಲ ಹೆಂಗ ಕೊಡೂದು?"

ಅಲ್ಲಿಂದ ದಲ್ಲಾಳಿಯ ಬಳಿ. "ಅಣ್ಣಾ, ಆ ಓಣ್ಯಾಗ ಎಲ್ಲಾರೂ ಹಿಂಗ ತಗೊಂಡಾರೋ. ಬ್ಯಾರೆ ಬ್ಯಾಂಕ್ ನೋಡೂಣು" ಎಂದ ದಲ್ಲಾಳಿ. ಎರಡನೆಯ ಬ್ಯಾಂಕು, ಮೂರನೆಯ ಬ್ಯಾಂಕು. ಅಷ್ಟರಲ್ಲಿ ವಾಯಿದೆ ಮುಗಿಯಿತು. ಮಾರುವವನು ಕೈ ಎತ್ತಿದ: "ಪತ್ರದಾಗ ಬರದೈತಿ ನೋಡ್ರಿ. ವಾಯಿದೆದಾಗ ಖರೀದಿ ಆಗಲಿಲ್ಲಂದ್ರ ಸಂಚಕಾರ ಜಪ್ತಿ." ಮೂರು ಲಕ್ಷ ಹೋಯಿತು. ಮನೆಯೂ ಇಲ್ಲ, ಗಂಟೂ ಇಲ್ಲ.

ಇದು ಕಟ್ಟಿದ ಉದಾಹರಣೆಯೇ ಸರಿ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಪ್ಲಾಟಿನ ವ್ಯವಹಾರ ಮಾಡುವ ಯಾರನ್ನಾದರೂ ಕೇಳಿ, "ಹೌದಲ್ರಿ, ಹಿಂಗಾ ಆಕ್ಕೈತಿ" ಎಂದೇ ಅನ್ನುತ್ತಾರೆ. ಹಾಗಾದರೆ ತಪ್ಪು ಯಾರದು? ಬ್ಯಾಂಕಿನದೇ? ಮಗ್ಗದವನದೇ? ಒಂದು ದಿನ ಓಡಾಡಿ ವಿಚಾರಿಸಬೇಕಾಗಿದ್ದ ದಲ್ಲಾಳಿಯದೇ?

ಬ್ಯಾಂಕು ಇಬ್ಬರನ್ನು ತೂಗುತ್ತದೆ

ಸಾಲ ಎಂದರೆ ಸಾಲ ಕೇಳುವವನ ಪಗಾರ, ದುಡಿಮೆ ನೋಡಿ ಕೊಡುವುದು ಎಂದು ಬಹಳ ಮಂದಿಯ ತಿಳಿವಳಿಕೆ. ಅದು ಅರ್ಧ ಸತ್ಯ. ಮನೆ ಸಾಲದಲ್ಲಿ ಬ್ಯಾಂಕು ಇಬ್ಬರನ್ನು ತೂಗುತ್ತದೆ. ಒಬ್ಬ ಸಾಲಗಾರ, ಇನ್ನೊಂದು ಜಾಗ. ಸಾಲಗಾರ ಎಷ್ಟೇ ಗಟ್ಟಿ ಕುಳವಾದರೂ ಜಾಗ ಪೊಳ್ಳಿದ್ದರೆ ಅರ್ಜಿ ವಾಪಸು.

ಜಾಗವನ್ನು ಯಾಕೆ ಇಷ್ಟು ಜಗ್ಗಾಡುತ್ತಾರೆ? ಕಾರಣ ಸರಳ. ಸಾಲ ಮುರಿದರೆ ಬ್ಯಾಂಕು ಆ ಮನೆಯನ್ನು ಹರಾಜಿಗೆ ಹಾಕಬೇಕು. ಕೋರ್ಟಿಗೆ ಅಲೆಯದೆ ಹರಾಜು ಹಾಕುವ ಅಧಿಕಾರ ಕೊಟ್ಟದ್ದು 2002ರ ಸರ್ಫೇಸಿ ಕಾಯಿದೆ. ಅದೇ ಕಾಯಿದೆಯ 31ನೇ ಕಲಮಿನಲ್ಲಿ, ಕೃಷಿ ಜಮೀನಿಗೆ ಇದು ಲಾಗೂ ಇಲ್ಲ ಎಂದಿದೆ. ಅಂದಮೇಲೆ ಉತಾರದಲ್ಲಿ ಇನ್ನೂ ಹೊಲ ಎಂದೇ ಇರುವ ಜಾಗದ ಮೇಲೆ ಮನೆ ಸಾಲ ಕೊಟ್ಟರೆ ಬ್ಯಾಂಕಿನ ಕೈ ಕಟ್ಟಿದ ಹಾಗೆ. ಯಾವ ಮ್ಯಾನೇಜರು ಸಹಿ ಹಾಕಿಯಾನು?

ಇನ್ನೊಂದು ಕಟ್ಟಳೆ ರಿಸರ್ವ್ ಬ್ಯಾಂಕಿನದು. ದಿಲ್ಲಿಯಲ್ಲಿ ಅನಧಿಕೃತ ಕಟ್ಟಡಗಳ ಹಾವಳಿ ಹೆಚ್ಚಿ, ಅಲ್ಲಿಯ ಹೈಕೋರ್ಟಿನಲ್ಲಿ ನಡೆದ ಪ್ರಕರಣದ ನಂತರ 2006ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಮಂಜೂರಾದ ನಕಾಶೆ ಇಲ್ಲದೆ ಮನೆ ಸಾಲ ಬೇಡ, ಅನಧಿಕೃತ ಬಡಾವಣೆಯಲ್ಲಿ ಸಕ್ರಮ ಆಗುವ ತನಕ ಸಾಲ ಬೇಡ ಎಂದು. ದಿಲ್ಲಿಯ ಬಿಸಿ ಬನಹಟ್ಟಿಗೂ ತಟ್ಟಿದ್ದು ಹೀಗೆ. ಇತ್ತೀಚೆಗೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ಕಟ್ಟಡದ ಮೇಲೆ ಸಾಲ ಕೊಡುವ ಮೊದಲು ಪೂರ್ಣಗೊಂಡ ಪತ್ರ ಅಥವಾ ವಾಸಯೋಗ್ಯ ಪತ್ರ ನೋಡಿಯೇ ಕೊಡಬೇಕು ಎಂದು ಅಪ್ಪಣೆ ಮಾಡಿತು. ಇದೇ ತೀರ್ಪಿನ ನಂತರ 2025ರಲ್ಲಿ ವಾಸಯೋಗ್ಯ ಪತ್ರ ಇಲ್ಲದ ಮನೆಗಳಿಗೆ ಕರೆಂಟು ಕೊಡುವ ವಿಷಯದಲ್ಲಿ ರಾಜ್ಯದ ತುಂಬ ಗದ್ದಲ ಎದ್ದದ್ದು ಓದುಗರಿಗೆ ನೆನಪಿದೆ.

ಗುಂಟೆ ಪ್ಲಾಟಿನ ಗೋಳು

ರಸ್ತೆ ಅಗಲವಾದರೆ ಸಾಕು, ರೈಲು ಬರುತ್ತದೆಂಬ ಸುದ್ದಿ ಹಬ್ಬಿದರೆ ಸಾಕು, ಹೊಲದ ಬದುವಿನಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಮಾತು ಶುರುವಾದ ಮೇಲೆ ಲೋಕಾಪುರದಿಂದ ಈ ಕಡೆಗೆಲ್ಲ ಪ್ಲಾಟಿನದೇ ಧ್ಯಾನ. ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ಒಂದು ಪ್ಲಾಟು ಹಿಡಿದಿಡುವ ಆಸೆ ಯಾರಿಗಿಲ್ಲ?

ಇಲ್ಲಿ ದಲ್ಲಾಳಿ ಮೊದಲು ಬೇರ್ಪಡಿಸಬೇಕಾದದ್ದು ಮೂರು ಜಾತಿಯ ಜಾಗ.

ಒಂದು, ಜಿಲ್ಲಾಧಿಕಾರಿಗಳಿಂದ 1964ರ ಭೂಕಂದಾಯ ಕಾಯಿದೆಯ 95ನೇ ಕಲಂ ಪ್ರಕಾರ ಬಿನ್‌ಶೇತ್ಕಿ ಆದ, ಅಂದರೆ ಎನ್.ಎ. ಆದ, ಯೋಜನಾ ಪ್ರಾಧಿಕಾರದಿಂದ ಲೇಔಟ್ ನಕಾಶೆ ಮಂಜೂರಾದ ಪ್ಲಾಟು. ಇದಕ್ಕೆ ಸಾಲದ ದಾರಿ ಸುಗಮ. ಆದರೆ ಇಲ್ಲಿಯೂ ಒಂದು ಹೆಜ್ಜೆ ಮುಂದೆ ಹೋಗಿ, ಆ ನಂಬರಿನ ಪ್ಲಾಟನ್ನು ಪ್ರಾಧಿಕಾರ ಮಾರಾಟಕ್ಕೆ ಬಿಡುಗಡೆ ಮಾಡಿದೆಯೇ ಎಂದು ನೋಡಬೇಕು. ರಸ್ತೆ, ಗಟಾರು, ನೀರು ಆಗದಿದ್ದರೆ ಎಲ್ಲ ಪ್ಲಾಟುಗಳೂ ಒಮ್ಮೆಗೇ ಬಿಡುಗಡೆ ಆಗುವುದಿಲ್ಲ.

ಎರಡು, ಊರೊಳಗಿನ ಗಾವಠಾಣದ ಜಾಗ. ಪೇಟೆಯಲ್ಲಾದರೆ ಸಿಟಿ ಸರ್ವೆ ಉತಾರ, ಹಳ್ಳಿಯಲ್ಲಾದರೆ ಪಂಚಾಯಿತಿಯ ನಮೂನೆ 9 ಮತ್ತು 11-ಎ. ಇದಕ್ಕೂ ಸಾಲ ಸಿಗುತ್ತದೆ, ಕಾಗದದ ಸರಪಳಿ ಗಟ್ಟಿ ಇರಬೇಕು.

ಮೂರು, ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಹರಿದು ಹಂಚಿದ ಜಾಗ. ಎನ್.ಎ. ಇಲ್ಲ, ನಕಾಶೆ ಇಲ್ಲ. ಪಂಚಾಯಿತಿಯಲ್ಲಿ ಸಿಕ್ಕರೆ 11-ಬಿ, ಪೇಟೆಯಲ್ಲಿ ಸಿಕ್ಕರೆ ಬಿ-ಖಾತಾ. ಗೋಳು ಇರುವುದೇ ಇಲ್ಲಿ.

2025ರ ಫೆಬ್ರುವರಿಯಲ್ಲಿ ಸರ್ಕಾರ ರಾಜ್ಯದ ಎಲ್ಲ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತಾ ಕೊಡುವ ಕೆಲಸ ಆರಂಭಿಸಿತು. ಕೂಡಲೇ ಕೆಲವು ದಲ್ಲಾಳಿಗಳು, "ಇನ್ನ ಚಿಂತಿ ಇಲ್ರಿ, ಸರ್ಕಾರನ ಖಾತಾ ಕೊಟ್ಟೈತಿ" ಎನ್ನತೊಡಗಿದರು. ಇಲ್ಲಿಯೇ ಜನ ಎಡವುವುದು. ಬಿ-ಖಾತಾ ಎಂದರೆ ತೆರಿಗೆ ತುಂಬಿಸಿಕೊಳ್ಳಲು, ಲೆಕ್ಕದಲ್ಲಿ ಹಿಡಿಯಲು ಮಾಡಿದ ಏರ್ಪಾಟು. ಬಡಾವಣೆ ಸಕ್ರಮ ಆಯಿತು ಎಂದು ಅದರ ಅರ್ಥ ಅಲ್ಲ. ಖಾತಾ ಇದ್ದ ಮಾತ್ರಕ್ಕೆ ಬ್ಯಾಂಕು ಸಾಲ ಕೊಡಲೇಬೇಕು ಎಂದೂ ಇಲ್ಲ. ಕೆಲವು ಸೊಸೈಟಿಗಳು ಕೊಟ್ಟಾವು, ಆದರೆ ಬಡ್ಡಿ ಏರು, ವಾಯಿದೆ ಕಡಿಮೆ.

2024ರ ಅಕ್ಟೋಬರ್‌ನಿಂದ ಪೇಟೆಯ ಸ್ವತ್ತುಗಳಿಗೆ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಆದ್ದರಿಂದ ದಲ್ಲಾಳಿ ಮೊದಲ ದಿನವೇ "ಖಾತಾ ಐತೇನ್ರಿ?" ಎಂದು ಕೇಳುತ್ತಾನೆ. ಅಷ್ಟು ಸಾಲದು. "ಯಾವ ಖಾತಾ?" ಎಂದು ಕೇಳಬೇಕು.

ನೀರಿನ ಗೆರೆ

ಈ ಭಾಗಕ್ಕೆ ಇನ್ನೊಂದು ವಿಶೇಷ ತೊಡಕು ಇದೆ. ಅದು ಕೃಷ್ಣೆಯದು. ಆಲಮಟ್ಟಿ ಆಣೆಕಟ್ಟಿನ ನೀರಿನ ಮಟ್ಟ ಇಂದು 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಹೆಚ್ಚು ಕಡಿಮೆ 75 ಸಾವಿರ ಎಕರೆ ಮುಳುಗಡೆ ಎಂಬ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನ ಮಾಡಿತು.

ಬೀಳಗಿ, ಜಮಖಂಡಿ ತಾಲೂಕಿನ ನದಿ ದಂಡೆಯ ಊರುಗಳಲ್ಲಿ ಜಾಗ ತೋರಿಸುವ ದಲ್ಲಾಳಿ, ಆ ಸರ್ವೆ ನಂಬರು ಸ್ವಾಧೀನದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲೇ ನೋಡಬೇಡವೇ? ನಾಳೆ ಸರ್ಕಾರ ಹಿಡಿಯುವ ಜಾಗದ ಮೇಲೆ ಇಪ್ಪತ್ತು ವರ್ಷದ ಮನೆ ಸಾಲ ಯಾವ ಬ್ಯಾಂಕು ಕೊಡುತ್ತದೆ? ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು ದೂರ ಇಲ್ಲ, ಬಾಗಲಕೋಟೆಯಲ್ಲಿಯೇ ಇವೆ.

ಇನ್ನು ಪುನರ್ವಸತಿ ಕೇಂದ್ರದ ಜಾಗ. ಮುಳುಗಡೆಯಾದವರಿಗೆ ಹಕ್ಕುಪತ್ರದ ಮೇಲೆ ಕೊಟ್ಟ ನಿವೇಶನಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಹಕ್ಕುಪತ್ರದಲ್ಲಿ ಬರೆದ ಷರತ್ತುಗಳನ್ನು ಒಂದೂ ಬಿಡದೆ ಓದಬೇಕು. ಹಕ್ಕುಪತ್ರ ಒಬ್ಬರ ಹೆಸರಿನಲ್ಲಿ, ಮನೆಯಲ್ಲಿ ಇರುವವರು ಇನ್ನೊಬ್ಬರು, ಮಾರುವವರು ಮತ್ತೊಬ್ಬರು ಎಂದಾದರೆ ಬ್ಯಾಂಕಿನ ವಕೀಲರು ಫೈಲು ಮುಚ್ಚಿಡುವುದೇ ಸರಿ.

2019ರ ಆಗಸ್ಟ್‌ನ ಮಹಾಪೂರವನ್ನು ಮರೆತವರಿಲ್ಲ. ಕೃಷ್ಣೆ ಜಮಖಂಡಿ ತಾಲೂಕನ್ನು, ಘಟಪ್ರಭೆ ಮುಧೋಳ ತಾಲೂಕನ್ನು ನುಂಗಿ ನೀರು ಕುಡಿಯಿತು. ನೀರು ಹೊಕ್ಕ ಓಣಿಯ ಮನೆಗೆ ಬೆಲೆ ಕಟ್ಟಲು ಬಂದ ಎಂಜಿನಿಯರ್ ಗೋಡೆಯ ಮೇಲಿನ ಗುರುತು ನೋಡದೆ ಹೋಗುವುದಿಲ್ಲ.

ಅಕ್ಕತಂಗಿಯರ ಸಹಿ

ಜಮಖಂಡಿಯೂ ಮುಧೋಳವೂ 1948ರ ತನಕ ಸಂಸ್ಥಾನಗಳು. ಪಟವರ್ಧನರ, ಘೋರ್ಪಡೆಯವರ ಕಾಲದ ಹಳೆಯ ಕಾಗದ ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. ಬ್ಯಾಂಕಿನ ವಕೀಲರು ಅಷ್ಟು ಹಿಂದಕ್ಕೆ ಹೋಗುವುದು ಅಪರೂಪ. ಆದರೆ ಸಾಮಾನ್ಯವಾಗಿ 30 ವರ್ಷದ ಸರಪಳಿ ಕೇಳುತ್ತಾರೆ. ಜಾಗ ಯಾರಿಂದ ಯಾರಿಗೆ ಬಂತು, ವಾಟ್ನಿ ಆಯಿತೇ, ವಾರಸಾ ಹಚ್ಚಿದ್ದಾರೆಯೇ ಎಂದು.

ಹೆಚ್ಚು ವ್ಯವಹಾರ ಮುರಿಯುವುದು ಇಲ್ಲಿಯೇ. ಅಣ್ಣ-ತಮ್ಮ ಸಹಿ ಮಾಡಿರುತ್ತಾರೆ, ಅಕ್ಕ-ತಂಗಿಯರನ್ನು ಕೇಳಿರುವುದಿಲ್ಲ. "ಅವರನ್ನ ಕೊಟ್ಟ ಮನಿಗೆ ಕಳಿಸೇವಲ್ರಿ, ಅವರದೇನ ಇದರಾಗ?" ಎಂಬ ಮಾತು ಈಗ ನಡೆಯದು. ಕರ್ನಾಟಕದಲ್ಲಿ 1994ರಲ್ಲಿಯೇ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಬಂದಿದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಜೀವಂತ ಇರಬೇಕೆಂದೇನೂ ಇಲ್ಲ ಎಂದು ಸ್ಪಷ್ಟ ಮಾಡಿತು. ಸಹಿ ಇಲ್ಲದ ಒಬ್ಬ ತಂಗಿ ಸಾಕು, ಸಾಲದ ಅರ್ಜಿ ಮೂಲೆಗೆ ಬೀಳಲು.

ಅದೇ ರೀತಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇದ್ದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆ ಅಡ್ಡ ನಿಲ್ಲುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಖರೀದಿ ಊರ್ಜಿತ ಅಲ್ಲ.

ಬೋಜಾದ ಮಾತನ್ನೂ ಹೇಳಬೇಕು. ಹೊಲದ ಉತಾರವಾದರೆ 11ನೇ ಕಾಲಮಿನಲ್ಲಿ ಸೊಸೈಟಿ, ಬ್ಯಾಂಕಿನ ಸಾಲ ಕಾಣುತ್ತದೆ. ಪೇಟೆಯ ಸ್ವತ್ತಿಗೆ ಸಬ್ ರಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಬೇಕು. ಈಗ ಅದು ಕಾವೇರಿ ತಾಣದಲ್ಲಿ ಮನೆಯಲ್ಲಿ ಕುಳಿತೇ ಸಿಗುತ್ತದೆ. ಒಂದೇ ಮನೆಯನ್ನು ಎರಡು ಬ್ಯಾಂಕಿನಲ್ಲಿ ಅಡವಿಟ್ಟ ಪ್ರಕರಣಗಳು ಹೆಚ್ಚಿದ್ದರಿಂದ 2011ರಲ್ಲಿ ಸರ್ಸಾಯಿ ಎಂಬ ಕೇಂದ್ರ ದಾಖಲೆ ಕಚೇರಿಯೇ ಆರಂಭವಾಗಿದೆ. ಬ್ಯಾಂಕಿನವರು ಅದನ್ನು ನೋಡಿಯೇ ನೋಡುತ್ತಾರೆ.

ಎರಡು ರೇಟಿನ ಲೆಕ್ಕ

ಈಗ ಹಣದ ಮಾತು. ಮಗ್ಗದವನ ಮನೆಯ ಕಾಗದ ಚೊಕ್ಕ ಇತ್ತು ಎಂದೇ ತಿಳಿಯಿರಿ. ಆಗಲಾದರೂ ಸಾಲ ಸಾಲುತ್ತಿತ್ತೇ?

ರಿಸರ್ವ್ ಬ್ಯಾಂಕಿನ 2015ರ ಕಟ್ಟಳೆ ಹೀಗಿದೆ. 30 ಲಕ್ಷದ ವರೆಗಿನ ಮನೆ ಸಾಲಕ್ಕೆ ಮನೆಯ ಬೆಲೆಯ ಶೇಕಡಾ 90, ಅದರ ಮೇಲೆ 75 ಲಕ್ಷದ ತನಕ ಶೇಕಡಾ 80, ಅದಕ್ಕೂ ಮೇಲೆ ಶೇಕಡಾ 75. ಇದು ಮೇಲ್ಮಿತಿ. ಬ್ಯಾಂಕು ಇದಕ್ಕಿಂತ ಕಡಿಮೆ ಕೊಡಬಹುದು, ಹೆಚ್ಚು ಕೊಡುವಂತಿಲ್ಲ. ಬರೀ ಪ್ಲಾಟಿಗೆ ಇನ್ನೂ ಕಡಿಮೆ. ಅದೂ ಇಷ್ಟು ದಿನದಲ್ಲಿ ಮನೆ ಕಟ್ಟಬೇಕೆಂಬ ಷರತ್ತಿನ ಮೇಲೆ.

ಮನೆಯ ಬೆಲೆ ಎಂದರೆ ಯಾವ ಬೆಲೆ? ಮಾತಾಡಿದ್ದು 28 ಲಕ್ಷ. ಆದರೆ ಛಾಪಾ ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಬರೆಸುವುದು 16 ಲಕ್ಷ. ಉಳಿದ 12 ಲಕ್ಷ ಕೈಯಿಂದ ಕೈಗೆ. ಬ್ಯಾಂಕಿಗೆ ಕಾಣುವುದು 16 ಲಕ್ಷ ಮಾತ್ರ. ಅದರ ಶೇಕಡಾ 90 ಎಂದರೆ 14 ಲಕ್ಷ 40 ಸಾವಿರ. ಉಳಿದ 13 ಲಕ್ಷ 60 ಸಾವಿರ ಕೈಯಿಂದ ಹಾಕಬೇಕು. ಮಗ್ಗದವನ ಹತ್ತಿರ ಇರುವುದು ಐದು! ಪೂರ್ತಿ 28 ಲಕ್ಷ ಕಾಗದದಲ್ಲಿ ಬರೆದರೆ 25 ಲಕ್ಷ 20 ಸಾವಿರದ ತನಕ ಸಾಲಕ್ಕೆ ಅವಕಾಶ, ಕೈಯಿಂದ 2 ಲಕ್ಷ 80 ಸಾವಿರ.

ಅದರ ಮೇಲೆ ಛಾಪಾ ಮತ್ತು ನೋಂದಣಿ ಖರ್ಚು. ಛಾಪಾ ಶುಲ್ಕ ಸಾಮಾನ್ಯವಾಗಿ ಶೇಕಡಾ 5, ಜೊತೆಗೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಹತ್ತು ಲಕ್ಷದ ಒಳಗಿನ ಮನೆ ಬಿಟ್ಟರೆ ಈ ಖರ್ಚನ್ನು ಮನೆಯ ಬೆಲೆಯಲ್ಲಿ ಸೇರಿಸಿ ಸಾಲದ ಲೆಕ್ಕ ಹಾಕುವಂತಿಲ್ಲ. 28 ಲಕ್ಷದ ಖರೀದಿಗೆ ಇದೇ ಎರಡು ಲಕ್ಷ ದಾಟುತ್ತದೆ. ಮಗ್ಗದವನ ಐದು ಲಕ್ಷ ಇಲ್ಲಿಗೆ ಮುಗಿಯಿತು.

ಇನ್ನೊಂದು ಅಪಾಯವಿದೆ. ಜಾಗದ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಮತ್ತು ಮೇಲ್ಪಟ್ಟ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂದು 2015ರಿಂದ ಆದಾಯ ತೆರಿಗೆಯ ಕಟ್ಟಳೆ ಇದೆ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ. ನೋಟಿನ ಕಟ್ಟು ಎಣಿಸುವ ಮೊದಲು ಮಾರುವವನಿಗೆ ಈ ಮಾತನ್ನು ಯಾರಾದರೂ ಹೇಳುತ್ತಾರೆಯೇ?

ಮಗ್ಗದ ಸಪ್ಪಳ ಬ್ಯಾಂಕಿಗೆ ಕೇಳಿಸಬೇಕು

ರಬಕವಿ-ಬನಹಟ್ಟಿಯಲ್ಲಿ ದುಡಿಯುವ ಕೈಗಳಿಗೆ ಬರಗಾಲವಿಲ್ಲ. ಬರಗಾಲ ಇರುವುದು ಕಾಗದಕ್ಕೆ. ಮಜೂರಿ ವಾರಕ್ಕೊಮ್ಮೆ ನಗದಾಗಿ ಬರುತ್ತದೆ, ಸಂತೆಯಲ್ಲಿ ಕರಗುತ್ತದೆ. ಮುಧೋಳದ ಕಬ್ಬಿನ ರೈತನದು ಇನ್ನೊಂದು ಬಗೆ. ಬಿಲ್ಲು ಲಕ್ಷಗಟ್ಟಲೆ, ಆದರೆ ವರ್ಷಕ್ಕೊಮ್ಮೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ತುಂಬಿರುವುದಿಲ್ಲ. ತಿಂಗಳ ಕಂತಿನ ಸಾಲ ಕೊಡುವ ಬ್ಯಾಂಕಿಗೆ ಇವರಿಬ್ಬರೂ ಒಗಟು.

ಹಾಗೆಂದು ದಾರಿ ಇಲ್ಲದಿಲ್ಲ. ಕನಿಷ್ಠ ಒಂದೆರಡು ವರ್ಷದ ಬ್ಯಾಂಕ್ ಪಾಸ್‌ಬುಕ್ಕು, ಮಗ್ಗದ ಕರೆಂಟ್ ಬಿಲ್ಲು, ಕಾರ್ಖಾನೆಯ ಕಬ್ಬಿನ ಬಿಲ್ಲು, ತುಂಬಿದ್ದರೆ ರಿಟರ್ನು. ಇವನ್ನು ಮನೆ ನೋಡುವ ಮೊದಲೇ ಕೂಡಿಸಿ ಇಡಬೇಕು.

ಜಾಮೀನು ಎಂಬುದು ಇನ್ನೊಂದು ಗುಪ್ತ ಮುಳ್ಳು. ಬೀಗರ ಟ್ರ್ಯಾಕ್ಟರ್ ಸಾಲಕ್ಕೆ, ಗೆಳೆಯನ ಅಂಗಡಿ ಸಾಲಕ್ಕೆ "ಸಹಿ ಅಷ್ಟ ಅಲ್ಲೇನು" ಎಂದು ಹಾಕಿದ ಜಾಮೀನು ಸಿಬಿಲ್ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಅವರು ಕಂತು ತಪ್ಪಿಸಿದರೆ ಇವನ ಅಂಕಕ್ಕೆ ಪೆಟ್ಟು. ಈ ಅಂಕ 300ರಿಂದ 900ರ ತನಕ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. ಗಿರಾಕಿಯ ಕೈಯಿಂದ ಅದನ್ನು ಮೊದಲೇ ತೆಗೆಸುವುದು ದಲ್ಲಾಳಿಗೆ ಹತ್ತು ನಿಮಿಷದ ಕೆಲಸ.

ಫ್ಲ್ಯಾಟಿನ ಮಾತೇ ಬೇರೆ

ಮಕ್ಕಳ ಓದು, ನೌಕರಿಯ ಸಲುವಾಗಿ ಈ ನಾಲ್ಕು ತಾಲೂಕಿನ ಮಂದಿ ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆ ಫ್ಲ್ಯಾಟು ಹಿಡಿಯುತ್ತಾರೆ. ಇಲ್ಲಿಯ ದಲ್ಲಾಳಿಯೇ ಅಲ್ಲಿಯ ಬಿಲ್ಡರಿನ ಬಳಿ ಕರೆದೊಯ್ಯುತ್ತಾನೆ. ಫ್ಲ್ಯಾಟಿನಲ್ಲಿ ನೆಲ ಎಲ್ಲರದು, ಗೋಡೆಯ ಒಳಗಿನದು ಮಾತ್ರ ತನ್ನದು. ಒಂದು ಫ್ಲ್ಯಾಟಿನ ಸಾಲಕ್ಕೆ ಇಡೀ ಕಟ್ಟಡದ ಜಾತಕ ನೋಡುವುದು ಅದಕ್ಕೇ.

ಈ ಮಾತು ದೇಶಕ್ಕೆ ಸೀಮಿತ ಅಲ್ಲ. ಅಮೆರಿಕದ ಫ್ಲೋರಿಡಾ ರಾಜ್ಯದ ಸರ್ಫ್‌ಸೈಡ್ ಎಂಬ ಊರಿನಲ್ಲಿ 2021ರ ಜೂನ್ 24ರ ನಡುರಾತ್ರಿ 12 ಅಂತಸ್ತಿನ ಫ್ಲ್ಯಾಟು ಕಟ್ಟಡದ ದೊಡ್ಡ ಭಾಗ ಕುಸಿದು 98 ಮಂದಿ ಸತ್ತರು. ದುರಸ್ತಿ ಮುಂದೂಡುತ್ತ ಬಂದ ಕಟ್ಟಡ ಅದು. ಅಲ್ಲಿಂದೀಚೆಗೆ ಅಲ್ಲಿಯ ಮನೆ ಸಾಲಗಳನ್ನು ಕೊಳ್ಳುವ ದೊಡ್ಡ ಸಂಸ್ಥೆಗಳು, ದುರಸ್ತಿ ಬಾಕಿ ಇರುವ, ದುರಸ್ತಿ ನಿಧಿ ಸಾಲದ ಕಟ್ಟಡಗಳ ಸಾಲ ಬೇಡ ಎನ್ನುತ್ತಿವೆ. ಕೊಳ್ಳುವವನ ಜೇಬು ಗಟ್ಟಿ ಇದ್ದರೂ ಕಟ್ಟಡ ಸೋತರೆ ಸಾಲವಿಲ್ಲ. ಅಲ್ಲಿಯ ಏಜೆಂಟರು ಈಗ ಫ್ಲ್ಯಾಟು ತೋರಿಸುವ ಮೊದಲೇ ಕಟ್ಟಡ ಸಾಲಕ್ಕೆ ಅರ್ಹವೇ ಎಂದು ವಿಚಾರಿಸುವುದನ್ನು ಕಲಿಯುತ್ತಿದ್ದಾರೆ. ಏಳು ಸಮುದ್ರ ದಾಟಿದರೂ ಪಾಠ ಒಂದೇ.

ಇಲ್ಲಿ ನೋಡಬೇಕಾದದ್ದು ರೇರಾ. 2016ರ ಈ ಕಾಯಿದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಯೋಜನೆ ನೋಂದಣಿ ಆಗದೆ ಮಾರುವಂತಿಲ್ಲ. ಪ್ಲಾಟಿನ ಲೇಔಟಿಗೂ ಇದೇ ಕಾಯಿದೆ. 500 ಚದರ ಮೀಟರು ಎಂದರೆ ಐದು ಗುಂಟೆಗೆ ತುಸು ಕಡಿಮೆ. ಅಂದಮೇಲೆ ಹೊಸದಾಗಿ ಆಗುವ ಲೇಔಟುಗಳಲ್ಲಿ ಬಿಟ್ಟುಹೋಗುವುದು ಯಾವುದು? ನೋಂದಣಿಯಾದ ಕರಾರು ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇಂಥ ಯೋಜನೆಯಲ್ಲಿ ಮಾರಿಸಿಕೊಡುವ ಏಜೆಂಟನೂ ರೇರಾದಲ್ಲಿ ಹೆಸರು ನೋಂದಿಸಬೇಕು. ಇಲ್ಲದಿದ್ದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ. "ನಂದೇನ್ರಿ, ಬರೇ ನಡಬರಕಿನಾಂವ" ಎಂದರೆ ಬಿಡುವುದಿಲ್ಲ.

ದಲ್ಲಾಳಿಗೆ ಏನು ಲಾಭ?

"ಇಷ್ಟೆಲ್ಲಾ ನಾವ ಮಾಡಿದ್ರ ವಕೀಲ್ರ ಏನ ಮಾಡ್ತಾರ್ರಿ?" ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ದಲ್ಲಾಳಿ ವಕೀಲನಾಗಬೇಕಿಲ್ಲ, ಮ್ಯಾನೇಜರನೂ ಆಗಬೇಕಿಲ್ಲ. ಆದರೆ ಕಾಗದದ ಜೆರಾಕ್ಸ್ ಹಿಡಿದು ಒಂದು ಸಲ ಬ್ಯಾಂಕಿಗೆ ಹೋಗಿ, "ಸಾಹೇಬ್ರ, ಈ ಜಾಗಕ್ಕ ಸಾಲ ಆಕ್ಕೈತೇನ್ರಿ?" ಎಂದು ಕೇಳಲು ಯಾವ ಡಿಗ್ರಿ ಬೇಕು? ಬ್ಯಾಂಕು ಹಿಂದೆ ಅದೇ ಲೇಔಟಿಗೆ ಸಾಲ ಕೊಟ್ಟಿದ್ದರೆ ಮ್ಯಾನೇಜರು ಎರಡು ನಿಮಿಷದಲ್ಲಿ ಹೇಳುತ್ತಾರೆ.

ಲಾಭ ದಲ್ಲಾಳಿಯದೇ. ವ್ಯವಹಾರ ಮುರಿದರೆ ದಲ್ಲಾಳಿ ಹಣವೂ ಇಲ್ಲ, ಮೂರು ತಿಂಗಳ ಪೆಟ್ರೋಲೂ ಹಾಳು. ಅದಕ್ಕಿಂತ ದೊಡ್ಡದು ಹೆಸರು. ಬೆಂಗಳೂರಿನಲ್ಲಿ ಒಬ್ಬ ಗಿರಾಕಿ ಹೋದರೆ ಇನ್ನೊಬ್ಬ ಸಿಕ್ಕಾನು. ಬೀಳಗಿಯಂಥ ಊರಿನಲ್ಲಿ ಒಬ್ಬನ ಸಂಚಕಾರ ಮುಳುಗಿಸಿದ ಸುದ್ದಿ ಮುಂದಿನ ಸಂತೆಯೊಳಗೆ ಹತ್ತು ಹಳ್ಳಿ ಮುಟ್ಟುತ್ತದೆ.

ಒಂದು ಸಾಲು ಬರೆಸಿರಿ

ಸಂಚಕಾರ ಪತ್ರದಲ್ಲಿ ಒಂದು ಸಾಲು ಕೂಡಿಸಿದರೆ ಅರ್ಧ ಜಗಳ ತಪ್ಪುತ್ತದೆ: "ಜಾಗದ ಕಾಗದಪತ್ರದ ದೋಷದಿಂದ ಬ್ಯಾಂಕಿನ ಸಾಲ ಮಂಜೂರಾಗದಿದ್ದರೆ ಸಂಚಕಾರದ ಹಣವನ್ನು ಪೂರ್ತಿ ಮರಳಿ ಕೊಡತಕ್ಕದ್ದು." ಈ ಸಾಲು ಇಲ್ಲದಿದ್ದರೆ ಏನಾದೀತು? ಬೆಂಗಳೂರಿನ ಒಂದು ಪ್ರಕರಣದಲ್ಲಿ ಕೊಳ್ಳುವವರು ವಾಯಿದೆಯೊಳಗೆ ಬಾಕಿ ಹಣ ಕೊಡಲಿಲ್ಲ. 20 ಲಕ್ಷ ರೂಪಾಯಿ ಮುಂಗಡವನ್ನು ಮಾರುವವರು ಇಟ್ಟುಕೊಂಡದ್ದು ಸರಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕರಾರಿನಲ್ಲಿ ಬರೆದದ್ದೇ ಮಾತು.

ಮಾರುವವರು ಈ ಸಾಲಿಗೆ ಒಪ್ಪದಿದ್ದರೆ? ಆಗಲೇ ತಿಳಿಯಬೇಕು, ಎಲ್ಲಿಯೋ ಹೊಗೆ ಇದೆ ಎಂದು.

ಸಂಚಕಾರಕ್ಕೆ ಮೊದಲು ಕೇಳಬೇಕಾದ ಎಂಟು ಪ್ರಶ್ನೆ

1. ಎನ್.ಎ. ಆದೇಶ, ಮಂಜೂರಾದ ನಕಾಶೆ ಇವೆಯೇ? ಪ್ಲಾಟು ಬಿಡುಗಡೆ ಆಗಿದೆಯೇ?

2. ಖಾತಾ ಯಾವುದು? ಎ ಅಥವಾ ಬಿ? ಹಳ್ಳಿಯಾದರೆ 11-ಎ ಅಥವಾ 11-ಬಿ?

3. ಉತಾರದಲ್ಲಿ, ಇ.ಸಿ.ಯಲ್ಲಿ ಬೋಜಾ ಇದೆಯೇ?

4. ಅಕ್ಕತಂಗಿಯರೂ ಸೇರಿ ಎಲ್ಲ ವಾರಸುದಾರರು ಸಹಿಗೆ ತಯಾರೇ?

5. ಮುಳುಗಡೆ, ಭೂಸ್ವಾಧೀನ, ಮಂಜೂರಿ ಜಮೀನಿನ ತೊಡಕು ಇದೆಯೇ?

6. ಖರೀದಿ ಪತ್ರದಲ್ಲಿ ಬರೆಯುವ ಬೆಲೆ ಎಷ್ಟು? ಅದರ ಮೇಲೆ ಸಾಲ ಎಷ್ಟು?

7. ಕೊಳ್ಳುವವರ ಆದಾಯದ ಕಾಗದ, ಸಿಬಿಲ್ ವರದಿ ತಯಾರಿವೆಯೇ?

8. ಲೇಔಟು ಅಥವಾ ಕಟ್ಟಡ ರೇರಾದಲ್ಲಿ ಇದೆಯೇ? ಕಟ್ಟಿದ ಮನೆಯಾದರೆ ಪರವಾನಿಗೆ, ವಾಸಯೋಗ್ಯ ಪತ್ರ ಇವೆಯೇ?

ಅಧಿಕಾರಿಗಳಿಗೂ ಒಂದು ಮಾತು

ಎಲ್ಲ ಹೊರೆಯನ್ನೂ ದಲ್ಲಾಳಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ನಗರಸಭೆಗಳು, ಬೀಳಗಿ ಪಟ್ಟಣ ಪಂಚಾಯಿತಿ ತಮ್ಮ ಹದ್ದಿನಲ್ಲಿ ಮಂಜೂರಾದ ಲೇಔಟುಗಳ ಪಟ್ಟಿಯನ್ನು, ಸರ್ವೆ ನಂಬರು ಸಮೇತ, ಬಾಗಿಲ ಬಳಿ ದೊಡ್ಡ ಹಲಗೆಯ ಮೇಲೆ ಬರೆಸಿದರೆ ಎಷ್ಟು ಖರ್ಚಾದೀತು? ಬ್ಯಾಂಕುಗಳು ತಾವು ಸಾಲ ಕೊಡುವ ಲೇಔಟುಗಳ ಹೆಸರನ್ನು ಶಾಖೆಯಲ್ಲಿ ಅಂಟಿಸಿದರೆ ಯಾರ ಗುಟ್ಟು ರಟ್ಟಾದೀತು? ಓದು ಬಾರದವನೂ ಓದು ಬಂದ ಮಗನನ್ನು ಕರೆತಂದು ಓದಿಸಿಕೊಂಡು ಹೋದಾನು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಹರಿಸುವ ತನಕ, ಸಂಚಕಾರ ಎಣಿಸುವ ಕೈಯನ್ನು ಒಂದು ದಿನ ತಡೆದು ಹಿಡಿಯುವುದು ದಲ್ಲಾಳಿಯ ಕೈಯಲ್ಲೇ ಇದೆ. ಪಿಗ್ಮಿ ಕಟ್ಟಿ ಕೂಡಿಟ್ಟ ಐದು ಲಕ್ಷದ ಹಿಂದೆ ಎಷ್ಟು ವರ್ಷದ ಲಾಳಿಯ ಓಡಾಟ ಇದೆ ಎಂಬುದು ಬನಹಟ್ಟಿಯ ಯಾವ ಓಣಿಯಲ್ಲಿ ನಿಂತು ಕಿವಿಗೊಟ್ಟರೂ ತಿಳಿಯುತ್ತದೆ.